ಡಿಫ್ ಲಾಕ್: ಕೆಸರಲ್ಲಿ ಒಂದೇ ಚಕ್ರ ಯಾಕೆ ತಿರುಗುತ್ತದೆ?

ಮಳೆಗಾಲದಲ್ಲಿ ಸಕಲೇಶಪುರ, ಮಡಿಕೇರಿ ಕಡೆಯ ತೋಟದ ದಾರಿಗಳಲ್ಲಿ ಈ ನೋಟ ಹೊಸದೇನಲ್ಲ. ಗಟ್ಟಿಮುಟ್ಟಾದ ಜೀಪು, ಎಂಜಿನ್‌ನಲ್ಲಿ ಬೇಕಾದಷ್ಟು ಶಕ್ತಿ. ಆದರೂ ಗಾಡಿ ನಿಂತಲ್ಲೇ ನಿಂತಿದೆ. ಹಿಂದಿನ ಒಂದು ಚಕ್ರ ಕೆಸರು ಎರಚುತ್ತಾ ಗಿರ್ರನೆ ತಿರುಗುತ್ತಿದೆ. ಇನ್ನೊಂದು ಗಟ್ಟಿ ಕಲ್ಲಿನ ಮೇಲೆ ಕೂತಿದೆ, ಆದರೆ ಅಲುಗಾಡುತ್ತಲೂ ಇಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇನ್ನಷ್ಟು ಹೂತುಹೋಗುತ್ತದೆ.

ತಪ್ಪು ಎಂಜಿನ್‌ನದಲ್ಲ. ಹಿಂದಿನ ಆಕ್ಸಲ್‌ನ ಮಧ್ಯೆ ಗುಂಡಗೆ ಉಬ್ಬಿಕೊಂಡ ಭಾಗದೊಳಗೆ ಡಿಫರೆನ್ಶಿಯಲ್ ಎಂಬ ಗೇರುಗಳ ಜೋಡಣೆ ಇದೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಎರಡರ ನಡುವೆ ಒಂದೂವರೆ ಮೀಟರ್ ಅಂತರ ಇದ್ದರೆ, ಒಂದು ಪೂರ್ತಿ ಸುತ್ತು ಮುಗಿಯುವಷ್ಟರಲ್ಲಿ ಹೊರಗಿನ ಚಕ್ರ ಸುಮಾರು 9.4 ಮೀಟರ್ ಹೆಚ್ಚು ಓಡಿರುತ್ತದೆ. ಸುತ್ತು ಚಿಕ್ಕದಿರಲಿ, ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ. ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದರೆ ಟೈರ್ ರಸ್ತೆಗೆ ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಇದನ್ನು ತಪ್ಪಿಸಲೆಂದೇ ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕರ್ 1820ರ ದಶಕದಲ್ಲಿ ಉಗಿ ಗಾಡಿಗಾಗಿ ಡಿಫರೆನ್ಶಿಯಲ್ ರೂಪಿಸಿ ಪೇಟೆಂಟ್ ಪಡೆದ.

ಈ ಗೇರುಗಳು ಎರಡೂ ಚಕ್ರಗಳಿಗೆ ಬೇರೆ ಬೇರೆ ವೇಗದ ಸ್ವಾತಂತ್ರ್ಯ ಕೊಡುತ್ತವೆ. ಆದರೆ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಯಾವಾಗಲೂ ಸಮವಾಗಿ ಹಂಚುತ್ತವೆ. ತೊಂದರೆ ಶುರುವಾಗುವುದು ಇಲ್ಲೇ. ಕೆಸರಲ್ಲಿರುವ ಚಕ್ರ 100 ನ್ಯೂಟನ್ ಮೀಟರ್‌ಗೇ ಜಾರುತ್ತದೆ ಅಂದುಕೊಳ್ಳಿ. ಕಲ್ಲಿನ ಮೇಲಿನ ಚಕ್ರ 1000 ತಡೆದುಕೊಳ್ಳಬಲ್ಲದು. ಆದರೂ ಅದಕ್ಕೆ ಸಿಗುವುದು 100 ಮಾತ್ರ. ಒಟ್ಟು 200. ಗಾಡಿ ಕದಲಲು ಅದು ಸಾಲದು. ಡಿಫ್ ಲಾಕ್, ಅಂದರೆ ಡಿಫರೆನ್ಶಿಯಲ್‌ಗೆ ಬೀಗ, ಹಾಕಿದರೆ ಎರಡೂ ಕಡೆಯ ಆಕ್ಸಲ್ ಒಂದೇ ಸರಳಿನ ಹಾಗೆ ಒಟ್ಟಿಗೆ ತಿರುಗುತ್ತವೆ. ಹಿಡಿತ ಇರುವ ಚಕ್ರ ತನ್ನಿಂದಾದಷ್ಟು ಬಲ ಎಳೆದುಕೊಳ್ಳುತ್ತದೆ. ಈಗ ಒಟ್ಟು 1100. ಲಾಕ್ ಹೊಸ ಶಕ್ತಿಯನ್ನೇನೂ ಹುಟ್ಟಿಸಲಿಲ್ಲ. ಇದ್ದದ್ದನ್ನು ಉಪಯೋಗಕ್ಕೆ ಬರುವ ಕಡೆ ಕಳಿಸಿತು, ಅಷ್ಟೇ.

ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ಬೈ ಫೋರ್ ಇದ್ದರೆ ಸಾಕಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಸಾಲದು. ಹಿಂದೆ ಮುಂದೆ ಎರಡೂ ಡಿಫರೆನ್ಶಿಯಲ್‌ಗಳಿಗೆ ಲಾಕ್ ಇಲ್ಲದಿದ್ದರೆ, ಮೂಲೆಯಿಂದ ಮೂಲೆಗೆ ಎರಡು ಚಕ್ರ ಹಿಡಿತ ಕಳೆದುಕೊಂಡರೂ ಗಾಡಿ ನಿಂತುಬಿಡುತ್ತದೆ.

ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಟ್ರ್ಯಾಕ್ಟರ್‌ನಲ್ಲಿ ಕಾಲಿನಿಂದ ಒತ್ತುವ ಡಿಫ್ ಲಾಕ್ ಪೆಡಲ್ ಇದೆ. ಎಡಕ್ಕೊಂದು ಬಲಕ್ಕೊಂದು ಬೇರೆ ಬ್ರೇಕೂ ಇದೆ. ಗದ್ದೆಯಲ್ಲಿ ಒಂದು ಗಾಲಿ ಸುಮ್ನೆ ಸುತ್ತತೊಡಗಿದರೆ ಆ ಕಡೆಯ ಬ್ರೇಕ್ ಮೆಲ್ಲಗೆ ಒತ್ತಿದರೂ ಇನ್ನೊಂದು ಗಾಲಿಗೆ ಬಲ ಹೋಗುತ್ತದೆ. ಮಾರುತಿ ಜಿಮ್ನಿಯಲ್ಲಿ ಕಂಪ್ಯೂಟರ್ ಮಾಡುವುದೂ ಇದನ್ನೇ. ಜಾರುವ ಚಕ್ರವನ್ನು ಗುರುತಿಸಿ ಅದಕ್ಕಷ್ಟೇ ಬ್ರೇಕ್ ಹಾಕುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಉದ್ದದ ಹುದುಲಿನಲ್ಲಿ ಬ್ರೇಕ್ ಬಿಸಿಯಾಗುತ್ತದೆ, ಬಲದ ಒಂದು ಪಾಲೂ ಅಲ್ಲೇ ಶಾಖವಾಗಿ ಪೋಲಾಗುತ್ತದೆ.

ಮಹೀಂದ್ರಾ ಥಾರ್‌ನ ಹಲವು ಮಾಡೆಲ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ತಾನಾಗಿಯೇ ಬೀಳುವ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕ್ ಇದೆ. ಒಳಗಿನ ರಚನೆ ನೋಡಿದರೆ ಖುಷಿಯಾಗುತ್ತದೆ. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದ ಕೂಡಲೇ ಪುಟ್ಟ ತೂಕದ ತುಂಡುಗಳು ಹೊರಕ್ಕೆ ಹರಡಿ ಒಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತವೆ. ಅದರಿಂದ ಒಳಗಿನ ಕ್ಲಚ್ ಪ್ಲೇಟುಗಳು ಬಿಗಿಯಾಗಿ ಆಕ್ಸಲ್ ಲಾಕ್ ಆಗುತ್ತದೆ. ವೇಗ ಹೆಚ್ಚಿದ್ದಾಗ ಬೀಳದಂತೆ ತಡೆಯೂ ಇದೆ. ಹಾಗಾಗಿ ಇಲ್ಲಿ ಚಕ್ರ ಒಂದಿಷ್ಟು ಸುತ್ತಲೇಬೇಕು. ಜಾರಿತು ಎಂದು ಹೆದರಿ ತಕ್ಷಣ ಕಾಲು ತೆಗೆಯುವವರಿಗೆ ಲಾಕ್ ಬೀಳುವುದೇ ಇಲ್ಲ. ಆಕ್ಸಿಲರೇಟರನ್ನು ಹದವಾಗಿ ಹಿಡಿದರೆ ಕೆಳಗಿನಿಂದ ಒಂದು ಸದ್ದು ಬಂದು ಗಾಡಿ ಮುಂದಕ್ಕೆ ನೆಗೆಯುತ್ತದೆ. ಆ ನೆಗೆತಕ್ಕೆ ಸಿದ್ಧರಾಗಿರಬೇಕು.

ಇನ್ನೊಂದು ಜಾತಿ, ಚಾಲಕ ಬೇಕೆಂದಾಗ ಹಾಕಿ ತೆಗೆಯುವ ಲಾಕ್. ಫೋರ್ಸ್ ಗೂರ್ಖಾದಲ್ಲಿ ಇಂಥದ್ದು ಮುಂದೆ ಹಿಂದೆ ಎರಡೂ ಕಡೆ ಇದೆ. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯದು ಗಾಳಿಯ ಒತ್ತಡದಿಂದ ಬೀಳುತ್ತದೆ. ಕರೆಂಟಿನಿಂದ ಬೀಳುವವೂ ಇವೆ. ಮಲೆನಾಡಿನಲ್ಲಿ ಓಡಿಸುವವರಿಗೆ ನಾನು ಹೇಳುವುದು ಹೀಗೆ ಚಾಲಕನೇ ಹಾಕಿ ತೆಗೆಯುವ ಲಾಕನ್ನೇ. ಕಾರಣ, ಇಲ್ಲಿಯ ದಾರಿಗಳು ಒಂದು ಪಕ್ಕಕ್ಕೆ ವಾಲಿರುತ್ತವೆ, ಮೇಲೆ ಜಾರುವ ಕೆಂಪು ಮಣ್ಣು. ಲಾಕ್ ಇಲ್ಲದಾಗ ಒಂದು ಚಕ್ರ ಜಾರಿದರೂ ಇನ್ನೊಂದು ನೆಲ ಕಚ್ಚಿಕೊಂಡು ಹಿಂಭಾಗವನ್ನು ಹಿಡಿದಿರುತ್ತದೆ. ಲಾಕ್ ಬಿದ್ದಾಗ ಎರಡೂ ಒಟ್ಟಿಗೆ ಜಾರುತ್ತವೆ, ಗಾಡಿಯ ಹಿಂಭಾಗ ಸೀದಾ ಇಳಿಜಾರಿನ ಕಡೆ ಸರಿಯುತ್ತದೆ. ಅಂಥ ಕಡೆ ಲಾಕ್ ಯಾವಾಗ ಬೀಳಬೇಕು ಎನ್ನುವುದು ನಮ್ಮ ಕೈಯಲ್ಲಿರಬೇಕು.

ಹಾಕಿಸುವುದಾದರೆ ಮೊದಲು ಹಿಂದಿನದು. ಏರು ಹತ್ತುವಾಗ ಭಾರ ಬೀಳುವುದು ಅಲ್ಲೇ. ಮುಂದಿನದನ್ನು ಹಾಕಿದರೆ ಸ್ಟೀರಿಂಗ್ ಭಾರವಾಗುತ್ತದೆ, ಗಾಡಿ ಸುಲಭವಾಗಿ ತಿರುಗುವುದಿಲ್ಲ. ಅದಕ್ಕೂ ಮುಂಚೆ ಒಳ್ಳೆ ಟೈರ್ ಹಾಕಿಸಿ. ನಾಲ್ಕೂ ಟೈರು ನುಣ್ಣಗೆ ಸವೆದಿದ್ದರೆ ಲಾಕ್ ಯಾವ ಚಕ್ರಕ್ಕೆ ತಾನೇ ಬಲ ಕಳಿಸೀತು?

ಲಾಕ್ ಹಾಕುವುದು ಕಷ್ಟದ ಜಾಗಕ್ಕೆ ಇಳಿಯುವ ಮುಂಚೆ. ಗಾಡಿ ನಿಂತಿರಬೇಕು ಅಥವಾ ತೆವಳುತ್ತಿರಬೇಕು. ಚಕ್ರ ಜೋರಾಗಿ ಸುತ್ತುತ್ತಿರುವಾಗ ಹಾಕಿದರೆ ಒಳಗಿನ ಹಲ್ಲುಗಳು ಮುರಿಯಬಹುದು. ಹಾಕಿದ ಮೇಲೆ ಆದಷ್ಟು ನೇರವಾಗಿ, ನಿಧಾನವಾಗಿ ಹೋಗಿ. ಒಂದೇ ಆಕ್ಸಲ್ ಶಾಫ್ಟ್ ಮೇಲೆ ಪೂರ್ತಿ ಬಲ ಬೀಳಬಹುದು, ಆಗ ದಿಢೀರನೆ ಆಕ್ಸಿಲರೇಟರ್ ತುಳಿದರೆ ಶಾಫ್ಟೇ ತುಂಡಾಗಬಹುದು.

ಗಟ್ಟಿ ನೆಲಕ್ಕೆ ಬಂದ ಕೂಡಲೇ ತೆಗೆಯಿರಿ. ಕೆಲವೊಮ್ಮೆ ಸ್ವಿಚ್ ಆಫ್ ಮಾಡಿದರೂ ಮೀಟರಿನ ದೀಪ ಆರುವುದಿಲ್ಲ. ಆಕ್ಸಲ್‌ನೊಳಗೆ ತಿರುಚು ಉಳಿದುಕೊಂಡು ಹಲ್ಲುಗಳು ಒಂದಕ್ಕೊಂದು ಬಿಗಿದಿರುತ್ತವೆ. ಗಾಬರಿಯಾಗಬೇಡಿ. ಸ್ಟೀರಿಂಗ್ ನೇರ ಇಟ್ಟು ಒಂದೆರಡು ಅಡಿ ರಿವರ್ಸ್ ತೆಗೆದುಕೊಳ್ಳಿ, ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ದೀಪ ಆರಿದ ಮೇಲೆಯೇ ಡಾಂಬರು ರಸ್ತೆಗೆ ಹತ್ತಿಸಿ.