ಡ್ರ್ಯಾಗ್‌ನಲ್ಲಿ ಗೇರ್ ಏರಿಸುವಾಗ ಕ್ಲಚ್ ಹಿಡಿಯಬೇಕಾ, ಬೇಡವಾ?

ಪ್ರಶ್ನೆ: ನನ್ನ ಹತ್ರ ಹಳೇ ಯಮಾಹಾ ಬ್ಯಾನ್ಶೀ ಎಟಿವಿ (ಮರಳು, ಮಣ್ಣಿನಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಇದೆ. ಗೇರ್‌ಬಾಕ್ಸ್ ಕಂಪನಿಯಿಂದ ಬಂದ ಹಾಗೇ ಇದೆ. ಮರಳಿನಲ್ಲಿ 300 ಅಡಿ ಡ್ರ್ಯಾಗ್, ಅಂದರೆ ನೇರ ದಾರಿಯ ಚಿಕ್ಕ ರೇಸ್, ಓಡಿಸುವಾಗ ನಾನು ಗೇರ್ ಬದಲಿಸಿದಾಗಲೆಲ್ಲ ಪಕ್ಕದ ಗಾಡಿ ಒಂದಿಷ್ಟು ಮುಂದೆ ಹೋಗುತ್ತದೆ. ಕೆಲವರು ಕ್ಲಚ್ ಮುಟ್ಟಲೇಬೇಡ ಅಂತಾರೆ, ಇನ್ನು ಕೆಲವರು ಥ್ರಾಟಲ್ ಬಿಡಲೇಬೇಡ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಯಾರಾದರೂ ಒಬ್ಬರದ್ದು ಕೇಳಿ. ಇಬ್ಬರದ್ದೂ ಒಟ್ಟಿಗೆ ಕೇಳಿದರೆ, ಅಂದರೆ ಕ್ಲಚ್ಚನ್ನೂ ಹಿಡಿಯದೆ ಥ್ರಾಟಲನ್ನೂ ಬಿಡದೆ ಲಿವರ್ ಒದ್ದರೆ, ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚು ಗ್ಯಾರಂಟಿ. ನಿಮ್ಮ ಗಾಡಿಗಾದರೆ ನಾನು ಎರಡನೆಯವರ ಪಕ್ಷ. ಹೆಬ್ಬೆರಳು ಥ್ರಾಟಲನ್ನು ಪೂರ್ತಿ ಒತ್ತಿಯೇ ಇರಲಿ, ಕ್ಲಚ್ಚನ್ನು ಎರಡು ಬೆರಳಲ್ಲಿ ಚಕ್ಕನೆ ಸ್ವಲ್ಪವೇ ಎಳೆದು ಬಿಡಿ.

ಯಾಕೆ ಅಂದರೆ, ಈ ಗೇರ್‌ಬಾಕ್ಸ್‌ಗಳಲ್ಲಿ ಹಲ್ಲುಚಕ್ರಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ನೀವು ಗೇರ್ ಹಾಕಿದಾಗ ಅವುಗಳ ಪಕ್ಕದಲ್ಲಿರುವ ದಪ್ಪ ಗುಬುಟುಗಳು, ಮೆಕ್ಯಾನಿಕ್‌ಗಳು ಡಾಗ್ ಅನ್ನೋದು ಇವನ್ನೇ, ಒಂದರಿಂದ ಬಿಟ್ಟು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತವೆ, ಅಷ್ಟೇ. ಎಂಜಿನ್ ಜೋರಾಗಿ ಎಳೆಯುತ್ತಿರುವಾಗ ಡಾಗ್‌ಗಳು ಒತ್ತಿಕೊಂಡು ಕೂತಿರುತ್ತವೆ. ಹೊರಗಿಂದ ಯಾರೋ ಬಾಗಿಲು ದೂಡುತ್ತಿದ್ದರೆ ಒಳಗಿನ ಚಿಲಕ ಸರಿಯಲ್ಲ ಅಲ್ವಾ, ಹಾಗೆ. ಒಂದು ಕ್ಷಣ ಆ ಒತ್ತಡ ತಪ್ಪಿದರೆ ಸಾಕು, ಗೇರ್ ತಾನೇ ಜಾರಿ ಬೀಳುತ್ತದೆ. ಕ್ಲಚ್ ಎಳೆದರೂ ಒತ್ತಡ ತಪ್ಪುತ್ತದೆ, ಥ್ರಾಟಲ್ ಬಿಟ್ಟರೂ ತಪ್ಪುತ್ತದೆ, ಎಂಜಿನ್ನಿನ ಸ್ಪಾರ್ಕ್ ಒಂದು ಕ್ಷಣ ನಿಲ್ಲಿಸಿದರೂ ತಪ್ಪುತ್ತದೆ. ಯಾವುದರಲ್ಲಿ ಕಮ್ಮಿ ಹೊತ್ತು ಹೋಗುತ್ತದೆ ಅನ್ನೋದಷ್ಟೇ ಜಗಳ.

ಬ್ಯಾನ್ಶೀ ಟೂ ಸ್ಟ್ರೋಕ್ ಗಾಡಿ. 347 ಸಿಸಿ, ಎರಡು ಸಿಲಿಂಡರ್, ಆರು ಗೇರ್. ನಮ್ಮಲ್ಲಿ ಹಳೇ ರಾಜದೂತ್ 350, ಅಂದರೆ ಆರ್‌ಡಿ ಬೈಕ್, ನೋಡಿದವರಿಗೆ ಇದು ದೂರದ ನೆಂಟ. ಅದು ಗಾಳಿಯಲ್ಲಿ ತಣಿಯುವ ಎಂಜಿನ್, ಇದು ನೀರಲ್ಲಿ, ಆದರೆ ಎರಡರಲ್ಲೂ ಸಿಲಿಂಡರ್ ಬೋರ್ 64 ಎಂಎಂ, ಸ್ಟ್ರೋಕ್ 54 ಎಂಎಂ. ಆರ್‌ಡಿ ಓಡಿಸಿದವರಿಗೆ ಗೊತ್ತಿರುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಸುಮ್ನೆ ಇರುವ ಗಾಡಿ ಒಂದು ಹಂತ ದಾಟಿದ ಮೇಲೆ ಒಮ್ಮೆಲೇ ಎದ್ದು ಓಡುತ್ತದೆ. ಥ್ರಾಟಲ್ ಬಿಟ್ಟರೆ ಆ ಹಂತದಿಂದ ಕೆಳಗೆ ಬಿದ್ದೀರಿ ಅಂತಲೇ ಲೆಕ್ಕ, ಮತ್ತೆ ಏರುವಷ್ಟರಲ್ಲಿ ಪಕ್ಕದವನು ಹೋಗಿರುತ್ತಾನೆ. ಅದರ ಮೇಲೆ ಮರಳು ಬೇರೆ. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ದಿಬ್ಬಗಳಲ್ಲಿ ಪ್ಯಾಡಲ್ ಟೈರ್ (ಮರಳು ತೋಡಲು ಹುಟ್ಟಿನಂಥ ಪಟ್ಟಿಗಳಿರುವ ಟೈರ್) ಹಾಕಿಕೊಂಡು ಓಡಿಸಿದವರನ್ನು ಕೇಳಿ, ಮರಳಲ್ಲಿ ಥ್ರಾಟಲ್ ಬಿಡೋದೂ ಬ್ರೇಕ್ ಒತ್ತೋದೂ ಹೆಚ್ಚುಕಮ್ಮಿ ಒಂದೇ.

ಫೋರ್ ಸ್ಟ್ರೋಕ್ ಗಾಡಿಯಾಗಿದ್ದರೆ ನಾನು ಇಷ್ಟು ಹಠ ಮಾಡುತ್ತಿರಲಿಲ್ಲ. ವೈಎಫ್‌ಜಡ್ 450, ರ‍್ಯಾಪ್ಟರ್ 700 ಇಂಥವುಗಳಲ್ಲಿ ಹೆಬ್ಬೆರಳನ್ನು ಒಂಚೂರು ಸಡಿಲಿಸಿ, ಕ್ಲಚ್ ಮುಟ್ಟದೆ ಗೇರ್ ಏರಿಸಿದರೂ ನಡೆಯುತ್ತದೆ. ಕೆಳಗಿನ ಆರ್‌ಪಿಎಂನಲ್ಲೂ ಅವಕ್ಕೆ ಎಳೆತ ಇದೆ.

ಇನ್ನು ಕಾಲಿನ ವಿಷಯ. ಎಲ್ಲರೂ ಕೈ ಬಗ್ಗೆ ಮಾತಾಡ್ತಾರೆ, ನನ್ನ ಪ್ರಕಾರ ಸೋಲೋದು ಕಾಲಿನಲ್ಲಿ. ಗೇರ್ ಬದಲಿಸುವ ಹೊತ್ತು ಬರುವ ಸ್ವಲ್ಪ ಮುಂಚೆಯೇ ಕಾಲ್ಬೆರಳನ್ನು ಲಿವರ್ ಕೆಳಗೆ ಕೊಟ್ಟು ಹಗುರವಾಗಿ ಮೇಲಕ್ಕೆ ಒತ್ತಿ ಹಿಡಿಯಬೇಕು. ಒತ್ತಡ ತಪ್ಪಿದ ಕೂಡಲೇ ಲಿವರ್ ತಾನೇ ಹಾರುತ್ತದೆ, ಆಗ ಕಾಲು ಅದರ ಜೊತೆಗೇ ಕೊನೆವರೆಗೂ ಹೋಗಬೇಕು. ಆಮೇಲೆ ಕಾಲನ್ನು ಪೂರ್ತಿ ಕೆಳಗಿಳಿಸಿ. ಇದನ್ನೇ ಜನ ಮರೆಯೋದು. ಲಿವರ್ ತನ್ನ ಜಾಗಕ್ಕೆ ವಾಪಸ್ ಬರದಿದ್ದರೆ ಒಳಗಿನ ರ‍್ಯಾಚೆಟ್ ಮುಂದಿನ ಗೇರನ್ನು ಹಿಡಿಯಲ್ಲ, ನೀವು ಎಷ್ಟು ಒದ್ದರೂ ಅಷ್ಟೇ. ಹಾಗಂತ ಓಟವಿಡೀ ಲಿವರನ್ನು ಒತ್ತಿಕೊಂಡೇ ಇರಬೇಡಿ, ಒಳಗೆ ಗೇರನ್ನು ಸರಿಸುವ ಕವೆ, ಅಂದರೆ ಶಿಫ್ಟ್ ಫೋರ್ಕ್, ಸವೆಯುತ್ತದೆ. ಹೊರಡುವಾಗ ಮೈ ಮುಂದಕ್ಕೆ ಬಾಗಿರುತ್ತದೆ, ಕಾಲಿನ ಕೋನವೂ ಬದಲಾಗುತ್ತದೆ. ಆದ್ದರಿಂದ ಲಿವರ್ ಎತ್ತರವನ್ನು ಆರಾಮಾಗಿ ಕೂತು ನೋಡಬೇಡಿ, ರೇಸಿನ ಭಂಗಿಯಲ್ಲೇ ಕೂತು ಸರಿಮಾಡಿಕೊಳ್ಳಿ.

ಯಾವ ಆರ್‌ಪಿಎಂನಲ್ಲಿ ಬದಲಿಸಬೇಕು? ಶಕ್ತಿ ಅತಿ ಹೆಚ್ಚು ಇರುವ ಕಡೆ ಅಲ್ಲ, ಅದನ್ನು ಸ್ವಲ್ಪ ದಾಟಿದ ಮೇಲೆ. ಸುಮ್ನೆ ಲೆಕ್ಕಕ್ಕೆ ಅಂತ 8,800ರಲ್ಲಿ ನಿಮ್ಮ ಎಂಜಿನ್ನಿನ ಶಕ್ತಿ ಜಾಸ್ತಿ, ಮುಂದಿನ ಗೇರಿಗೆ ಹೋದಾಗ ಆರ್‌ಪಿಎಂ ನೂರಕ್ಕೆ 20ರಷ್ಟು ಬೀಳುತ್ತದೆ ಅಂದುಕೊಳ್ಳಿ. 8,800ಕ್ಕೇ ಬದಲಿಸಿದರೆ 7,040ಕ್ಕೆ ಬೀಳುತ್ತೀರಿ. 9,500ರವರೆಗೆ ಎಳೆದು ಬದಲಿಸಿದರೆ 7,600ಕ್ಕೆ ಬರುತ್ತೀರಿ, ಅಲ್ಲಿಂದ ಏರೋದು ಸಲೀಸು. ಹೊಗೆ ಪೈಪ್, ಸಿಲಿಂಡರಿನ ಪೋರ್ಟ್ (ಗಾಳಿ, ಹೊಗೆ ಓಡಾಡುವ ಕಂಡಿ) ಬದಲಿಸಿದ ಎಂಜಿನ್ನಿಗೆ ಈ ಅಂಕಿಗಳು ಬೇರೆಯೇ ಆಗುತ್ತವೆ.

ಒಂದನೇ ಗೇರ್ ಬಿಟ್ಟು ಎರಡರಲ್ಲೇ ಹೊರಡುವವರೂ ಬಹಳ ಜನ ಇದ್ದಾರೆ, ಶಕ್ತಿ ಹೆಚ್ಚಿಸಿದ ಗಾಡಿಗೆ ಅದು ಒಳ್ಳೇದೇ. ಒಂದು ಶಿಫ್ಟ್ ಉಳಿಯುತ್ತದೆ, ಮುಂದಿನ ಚಕ್ರ ಏಳೋದು ಕಮ್ಮಿ. ಒಂದಕ್ಕೂ ಎರಡಕ್ಕೂ ನಡುವೆ ನ್ಯೂಟ್ರಲ್ ಇದೆಯಲ್ಲ, ಅರ್ಧ ಒದ್ದು ಅದರಲ್ಲಿ ಸಿಕ್ಕಿಬೀಳುವ ಭಯವೂ ಇಲ್ಲ. ಕಂಪನಿ ಎಂಜಿನ್ನಿಗೆ ಎರಡು ಭಾರವಾಗಬಹುದು. ಹೊರಡುವಾಗಲೇ ಕ್ಲಚ್ಚನ್ನು ಜಾಸ್ತಿ ಹೊತ್ತು ಉಜ್ಜಬೇಕಾಗಿ ಬಂದರೆ ಒಂದರಲ್ಲೇ ಹೊರಡಿ.

ಹಾಗಾದರೆ ಕ್ಲಚ್ಚೂ ಹಿಡಿಯದೆ ಥ್ರಾಟಲ್ಲೂ ಬಿಡದೆ ಏರಿಸುವವರು ಯಾರು? ಅವರ ಗಾಡಿಯಲ್ಲಿ ಓವರ್‌ರೈಡ್ ಗೇರ್‌ಬಾಕ್ಸ್ ಇರುತ್ತದೆ. ಅದರ ಡಾಗ್‌ಗಳನ್ನು ಬೇರೆ ರೀತಿ ಕೊರೆದಿರುತ್ತಾರೆ, ಮೇಲಿನ ಗೇರ್ ಕೂತ ತಕ್ಷಣ ಕೆಳಗಿನದು ತಾನೇ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಡ್ರ್ಯಾಗ್ ಬಿಟ್ಟು ಬೇರೆ ಓಡಾಟಕ್ಕೆ ಅದು ಬೇಡ. ಇನ್ನು ಕೆಲವರು ಸ್ಪಾರ್ಕ್ ಕಡಿಯುವ ಸ್ವಿಚ್ ಹಾಕಿಸುತ್ತಾರೆ. ಅವರನ್ನು ನೋಡಿ ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಹಾಗೆ ಮಾಡಲು ಹೋಗಬೇಡಿ. ಮೊದಲು ಡಾಗ್‌ಗಳ ಅಂಚು ಉರುಟಾಗುತ್ತದೆ, ಆಮೇಲೆ ಫೋರ್ಕ್ ಬಾಗುತ್ತದೆ. ಜೋರಾಗಿ ಎಳೆಯುವಾಗ ಗೇರ್ ತಾನಾಗಿ ಹೊರಗೆ ಜಿಗಿಯಲು ಶುರುವಾಯಿತು ಅಂದರೆ ಅದು ಇದೇ ರೋಗ.

ಶಿಫ್ಟ್ ತಪ್ಪಿ ಎಂಜಿನ್ ಕಿರುಚಲು ಶುರುಮಾಡಿದರೆ ಮಾತ್ರ ನಾನು ಹೇಳಿದ್ದನ್ನೆಲ್ಲ ಬಿಟ್ಟುಬಿಡಿ. ಮೊದಲು ಹೆಬ್ಬೆರಳು ತೆಗೆಯಿರಿ, ಕ್ಲಚ್ ಪೂರ್ತಿ ಹಿಡಿಯಿರಿ, ಲಿವರ್ ಕೆಳಗಿಳಿದಿದೆಯಾ ನೋಡಿಕೊಂಡು ಮತ್ತೆ ಹಾಕಿ. ಆ ಓಟ ಹೋಯಿತು, ಹೋಗಲಿ. ಟೂ ಸ್ಟ್ರೋಕ್ ಎಂಜಿನ್ನನ್ನು ಭಾರವಿಲ್ಲದೆ ಪೂರ್ತಿ ಥ್ರಾಟಲ್‌ನಲ್ಲಿ ತಿರುಗಲು ಬಿಟ್ಟರೆ ಕ್ರ್ಯಾಂಕ್, ಪಿಸ್ಟನ್ ಎರಡಕ್ಕೂ ದುಡ್ಡು ಹೊಂದಿಸಬೇಕಾಗುತ್ತದೆ.