ಕೆಂಪು ತಲೆಯದು ಗಂಡು, ಕಪ್ಪು ತಲೆಯದು ಹೆಣ್ಣಾ?

ಪ್ರಶ್ನೆ: ಗೌಲ್ಡಿಯನ್ ಫಿಂಚ್ ಹಕ್ಕಿಯ ಫೋಟೋಗಳಲ್ಲಿ ಕೆಲವಕ್ಕೆ ತಲೆ ಕೆಂಪು, ಕೆಲವಕ್ಕೆ ಕಪ್ಪು, ಅಪರೂಪಕ್ಕೆ ಹಳದಿ ಇರುತ್ತದೆ. ಕೆಂಪು ತಲೆಯದು ಗಂಡು, ಕಪ್ಪು ತಲೆಯದು ಹೆಣ್ಣು ಅಂತ ಲೆಕ್ಕವಾ? ಇಲ್ಲಾ, ಇವು ಬೇರೆ ಬೇರೆ ಜಾತಿಯ ಹಕ್ಕಿಗಳಾ?

ಎರಡೂ ಅಲ್ಲ. ಜಾತಿ ಒಂದೇ. ಮೂರು ಬಣ್ಣದ ತಲೆಯೂ ಗಂಡಿನಲ್ಲೂ ಇವೆ, ಹೆಣ್ಣಿನಲ್ಲೂ ಇವೆ. ಗಂಡೋ ಹೆಣ್ಣೋ ಅಂತ ಗೊತ್ತಾಗಬೇಕಾದರೆ ತಲೆ ಬಿಟ್ಟು ಎದೆ ನೋಡಿ. ಗಂಡಿನ ಎದೆ ಗಾಢ ನೇರಳೆ. ಹೆಣ್ಣಿನದು ಅದೇ ಬಣ್ಣಕ್ಕೆ ನೀರು ಬೆರೆಸಿದ ಹಾಗೆ ತಿಳಿಯಾಗಿರುತ್ತದೆ.

ಗೊಂದಲ ಆಗೋದು ಸಹಜ. ಮೊದಲು ಇವನ್ನು ನೋಡಿದ ಪಕ್ಷಿ ಪಂಡಿತರೇ ತಲೆ ಬಣ್ಣ ನೋಡಿ ಬೇರೆ ಬೇರೆ ಜಾತಿ ಅಂದುಕೊಂಡು ಬೇರೆ ಬೇರೆ ಹೆಸರಿಟ್ಟಿದ್ದರು. ಕೊನೆಗೆ ಉಳಿದದ್ದು ಇಂಗ್ಲೆಂಡಿನ ಪಕ್ಷಿ ಪಂಡಿತ ಜಾನ್ ಗೌಲ್ಡ್ 1844ರಲ್ಲಿ ಕೊಟ್ಟ ಹೆಸರು. ಅದು ಅವರ ಹೆಂಡತಿ ಎಲಿಜಬೆತ್ ನೆನಪಿಗೆ ಇಟ್ಟದ್ದು. ಹಕ್ಕಿಗಳ ಚಿತ್ರ ಬರೆಯುತ್ತಿದ್ದ ಆಕೆ 1841ರಲ್ಲೇ ತೀರಿಕೊಂಡಿದ್ದರು. ಇಷ್ಟು ಬಣ್ಣದ ಹಕ್ಕಿಗೆ ಒಬ್ಬ ಚಿತ್ರಗಾರ್ತಿಯ ಹೆಸರು ಸಿಕ್ಕಿದ್ದು ನನಗಂತೂ ತುಂಬಾ ಇಷ್ಟ.

ಇದರ ಊರು ಉತ್ತರ ಆಸ್ಟ್ರೇಲಿಯಾದ ಸವನ್ನಾ, ಅಂದರೆ ನಡುನಡುವೆ ನೀಲಗಿರಿ ಮರಗಳಿರುವ ಹುಲ್ಲುಗಾಡು. ರಾಟವಾಳಗಳ ಕುಟುಂಬಕ್ಕೇ ಸೇರಿದ್ದು. ತೂಕ ಸುಮಾರು 15 ಗ್ರಾಂ, ಅಷ್ಟೇ. ಕಾಡಿನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಹಕ್ಕಿಗಳ ತಲೆ ಕಪ್ಪು. ಉಳಿದವು ಬಹುತೇಕ ಕೆಂಪು. ಹಳದಿ ತಲೆ ಸಿಗೋದು ಸಾವಿರಾರು ಹಕ್ಕಿಗಳಲ್ಲಿ ಒಂದೋ ಎರಡೋ.

ಇನ್ನು ಬಣ್ಣ ಬರೋದು ಹೇಗೆ? ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದೇ ಝಡ್. ಕೆಂಪೋ ಕಪ್ಪೋ ಅನ್ನೋದು ಈ ಝಡ್ ಮೇಲೆ ಬರೆದಿರುತ್ತದೆ, ಮತ್ತು ಕೆಂಪಿನ ಕೈ ಮೇಲು. ಗಂಡಿಗೆ ಎರಡರಲ್ಲಿ ಒಂದು ಝಡ್ ಕೆಂಪಿನದಾದರೂ ಸಾಕು, ತಲೆ ಕೆಂಪಾಗುತ್ತದೆ. ಹೆಣ್ಣಿಗೆ ಇರೋದೇ ಒಂದು, ಅದರಲ್ಲಿ ಏನಿದೆಯೋ ಅದೇ ಬಣ್ಣ. ಹಾಗಾಗಿ ಕೆಂಪು ತಲೆ ಗಂಡುಗಳಲ್ಲಿ ಸ್ವಲ್ಪ ಜಾಸ್ತಿ. ನಿಮ್ಮ ಊಹೆ ಪೂರ್ತಿ ಸುಳ್ಳಲ್ಲ, ನೋಡಿ. 2018 ಮತ್ತು 2019ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಆ ಜಾಗ ಯಾವುದು ಅಂತಲೂ ಪತ್ತೆ ಮಾಡಿವೆ: ಫೋಲಿಸ್ಟಾಟಿನ್ ಅನ್ನುವ ಜೀನಿನ ಪಕ್ಕದಲ್ಲಿರುವ ಒಂದು ಸಣ್ಣ ತುಣುಕು.

ಹಳದಿಯ ಕಥೆ ಬೇರೆ. ಅದರ ಜೀನ್ ಇನ್ನೊಂದು ಕ್ರೋಮೋಸೋಮ್ ಮೇಲಿದೆ, ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕೆಲಸ ಮಾಡುತ್ತದೆ. ಆಗ ಕೆಂಪಾಗಬೇಕಿದ್ದ ತಲೆ ಹಳದಿಯಾಗಿ ಉಳಿಯುತ್ತದೆ. ಆದರೆ ಅದೇ ಜೋಡಿ ಕಪ್ಪು ತಲೆಯ ಹಕ್ಕಿಗೆ ಬಂದರೆ? ತಲೆ ಕಪ್ಪೇ. ಗುಟ್ಟು ರಟ್ಟಾಗೋದು ಕೊಕ್ಕಿನ ತುದಿಯಲ್ಲಿ. ಮಾಮೂಲಿ ಕಪ್ಪು ತಲೆಯ ಹಕ್ಕಿಯ ಬಿಳಿಚು ಕೊಕ್ಕಿನ ತುದಿಯಲ್ಲಿ ಕುಂಕುಮ ತಾಗಿದ ಹಾಗೆ ಕೆಂಪು ಇರುತ್ತದೆ, ಇದಕ್ಕೆ ಅಲ್ಲಿ ಹಳದಿ. ಮುಂದಿನ ಸಲ ಫೋಟೋ ನೋಡುವಾಗ ಆ ತುದಿಯನ್ನೊಮ್ಮೆ ಹಿಗ್ಗಿಸಿ ನೋಡಿ.

ಬಣ್ಣ ಸುಮ್ನೆ ಅಲಂಕಾರಕ್ಕಲ್ಲ. ಸ್ವಭಾವವೂ ಅದರ ಜೊತೆಗೇ ಬರುತ್ತದೆ. ಸಾಕಿದ ಹಕ್ಕಿಗಳನ್ನು ಇಟ್ಟುಕೊಂಡು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕೆಂಪು ತಲೆಯವು ಜಾಸ್ತಿ ಜಗಳಗಂಟಿಗಳು. ಆದರೆ ಹೆದರಿಕೆ ಇರುವ ಕಡೆ ಮೊದಲು ನುಗ್ಗಿದ್ದು, ಹೊಸ ವಸ್ತುವಿನ ಹತ್ತಿರ ಹೋಗಿ ನೋಡಿದ್ದು ಕಪ್ಪು ತಲೆಯವು. ಜಗಳದಲ್ಲಿ ಗೆಲ್ಲುವವರೇ ಧೈರ್ಯವಂತರು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಆ ಎರಡು ಗುಣ ಎರಡು ತಲೆಗೆ ಹಂಚಿಹೋಗಿವೆ.

ಈ ಹಕ್ಕಿಯ ಬದುಕಿನಲ್ಲಿ ಜಗಳಕ್ಕೂ ಧೈರ್ಯಕ್ಕೂ ಕಾರಣಗಳು ಬೇಕಾದಷ್ಟಿವೆ. ಇದರ ಹೊಟ್ಟೆಪಾಡು ಪೂರ್ತಿ ಹುಲ್ಲಿನ ಬೀಜದ ಮೇಲೆ. ಒಣಗಾಲದಲ್ಲಿ ನೆಲಕ್ಕೆ ಉದುರಿದ ಕಾಡುಜೋಳದ ಬೀಜ ಹೆಕ್ಕಿ ತಿನ್ನುತ್ತದೆ, ಆ ಕಾಲದಲ್ಲೇ ಮರಿ ಮಾಡುತ್ತದೆ. ಆಮೇಲೆ ಮಳೆ ಬರುತ್ತದೆ. ಮಳೆ ಬಂದರೆ ಒಳ್ಳೆಯದು ಅಂತ ನಮಗನ್ನಿಸುತ್ತದೆ, ಆದರೆ ಮೊದಲ ಮಳೆಗೆ ನೆಲದಲ್ಲಿದ್ದ ಬೀಜವೆಲ್ಲ ಒಟ್ಟಿಗೇ ಮೊಳಕೆಯೊಡೆದು, ಸುತ್ತ ಹಸಿರೋ ಹಸಿರು ಇರುವಾಗಲೇ ಹಕ್ಕಿಗೆ ತಿನ್ನಲು ಕಾಳಿಲ್ಲದ ಹಾಗಾಗುತ್ತದೆ. ಬೇರೆ ಜಾತಿಯ ಹುಲ್ಲುಗಳು ಬೀಜ ಕಟ್ಟುವ ಜಾಗ ಹುಡುಕಿಕೊಂಡು ಗುಂಪು ಹೊರಡಬೇಕು. ಒಣಗಾಲದ ಕೊನೆಯಲ್ಲಿ ದೊಡ್ಡ ಬೆಂಕಿ ಬಿದ್ದಿದ್ದರೆ, ದನಗಳು ಜಾಸ್ತಿ ಮೇಯ್ದಿದ್ದರೆ ಆ ಹುಲ್ಲೂ ಕಡಿಮೆ. ಆಸ್ಟ್ರೇಲಿಯಾದ ಕಾನೂನಿನಲ್ಲಿ ಇದು ಅಳಿವಿನಂಚಿನ ಹಕ್ಕಿಗಳ ಪಟ್ಟಿಗೆ ಸೇರಿರುವುದಕ್ಕೆ ಇದೂ ದೊಡ್ಡ ಕಾರಣ. ಪಂಜರದಲ್ಲಿ ಲೋಕದ ತುಂಬ ಸಿಗುತ್ತದೆ, ಕಾಡಿನಲ್ಲಿ ಹುಡುಕಬೇಕು ಅನ್ನೋದು ನನಗೆ ನಿಜಕ್ಕೂ ನೋವಿನ ಸಂಗತಿ.

ಗೂಡು ನೀಲಗಿರಿ ಮರದ ಪೊಟರೆಯಲ್ಲಿ. ಒಳಗೆ ಕತ್ತಲು. ಮರಿ ಬಾಯಿ ತೆರೆದರೆ ಬಾಯಿಯ ಎರಡೂ ಮೂಲೆಗಳಲ್ಲಿ ನೀಲಿ ಮುತ್ತಿನಂಥ ಪುಟ್ಟ ಗುಳ್ಳೆಗಳು ಕಾಣುತ್ತವೆ. ಅವು ತಾವಾಗಿ ಬೆಳಗುವುದಿಲ್ಲ. ಪೊಟರೆಯ ಬಾಯಿಂದ ಬರುವ ಚೂರು ಬೆಳಕನ್ನೇ ಹಿಡಿದು ಮಿನುಗಿಸುತ್ತವೆ. ಗುಟುಕು ಎಲ್ಲಿ ಇಡಬೇಕು ಅಂತ ಅಪ್ಪ ಅಮ್ಮನಿಗೆ ಗುರುತು ಸಿಗೋದು ಇದರಿಂದಲೇ ಇರಬೇಕು ಅನ್ನುತ್ತಾರೆ.

ಸುಮಾರು ಮೂರು ವಾರಕ್ಕೆ ಮರಿ ಹೊರಗೆ ಹಾರುತ್ತದೆ. ಆಗ ಅದಕ್ಕೆ ಕೆಂಪೂ ಇಲ್ಲ, ಕಪ್ಪೂ ಇಲ್ಲ. ತಲೆ ಬೂದು, ಬೆನ್ನು ಮಾಸಲು ಹಸಿರು. ನೀರಿನ ಗುಂಡಿಯ ಹತ್ತಿರದ ಫೋಟೋದಲ್ಲಿ ಬಣ್ಣದ ಹಕ್ಕಿಗಳ ನಡುವೆ ಹೀಗೆ ಬೂದು ತಲೆಯದೊಂದು ಕೂತಿದ್ದರೆ ಅದು ನಾಲ್ಕನೇ ಬಗೆಯಲ್ಲ, ಆ ವರ್ಷದ ಮರಿ. ಗರಿ ಬದಲಿಸುವವರೆಗೆ ಅದರ ತಲೆ ಯಾವ ಬಣ್ಣಕ್ಕೆ ತಿರುಗುತ್ತದೆ ಅಂತ ನೋಡಿ ಹೇಳೋಕಾಗಲ್ಲ.