ಆಲ್ಬಂ ಹೆಸರು ಸಾಲದಾ, ಡ್ರಮ್ಮರ್ ಹೆಸರೂ ಬೇಕಾ?

ಪ್ರಶ್ನೆ: ಜಾಝ್ ಕೇಳಲು ಶುರು ಮಾಡಿ ಕೆಲವು ತಿಂಗಳಾಯಿತು. ಜಾಝ್ ಹುಚ್ಚು ಇರುವವರನ್ನು ‘ಈಗ ಏನು ಕೇಳುತ್ತಿದ್ದೀರಿ’ ಎಂದು ಕೇಳಿದರೆ ಆಲ್ಬಂ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಯಾರು, ಡ್ರಮ್ಸ್ ಯಾರು, ಯಾವ ವರ್ಷ ರೆಕಾರ್ಡ್ ಆಯಿತು ಎಲ್ಲವನ್ನೂ ಒಪ್ಪಿಸುತ್ತಾರೆ. ಇದು ಬರೀ ಜಂಬವೋ, ಇಲ್ಲ ನಿಜಕ್ಕೂ ಬೇಕಾದದ್ದೋ?

ಉತ್ತರ: ಸ್ವಲ್ಪ ಜಂಬ ಇದೆ. ನನಗೂ ಇದೆ, ಮುಚ್ಚಿಡುವುದೇನು? ಆದರೆ ಆ ಹೆಸರುಗಳನ್ನು ತೆಗೆದುಬಿಟ್ಟರೆ ಜಾಝ್ ಆಲ್ಬಂ ಬಗ್ಗೆ ಹೇಳಲು ಜಾಸ್ತಿ ಏನೂ ಉಳಿಯುವುದಿಲ್ಲ.

‘ಬಾಡಿ ಅಂಡ್ ಸೋಲ್’ ಎಂಬ ಹಾಡನ್ನೇ ನೋಡಿ. 1930ರ ಹಾಡು. 1939ರಲ್ಲಿ ಕೋಲ್ಮನ್ ಹಾಕಿನ್ಸ್ ಅದನ್ನು ಟೆನರ್ ಸ್ಯಾಕ್ಸೊಫೋನಿನಲ್ಲಿ ನುಡಿಸಿದರು. ಮೂಲ ಧಾಟಿಯನ್ನು ಮೊದಲಲ್ಲಿ ಒಂಚೂರು ಮುಟ್ಟಿ, ಆಮೇಲೆ ಕೊನೆಯವರೆಗೂ ತಮ್ಮದೇ ದಾರಿ ಹಿಡಿದರು. ಮೂರು ನಿಮಿಷದ ಆ ರೆಕಾರ್ಡ್ ದೊಡ್ಡ ಹೆಸರು ಮಾಡಿತು. 1960ರಲ್ಲಿ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅದೇ ಹಾಡನ್ನು ಕೈಗೆತ್ತಿಕೊಂಡರೆ ಬೇರೆಯದೇ ಲೋಕ. ಆಮೇಲೆ ಅದನ್ನು ನುಡಿಸಿದವರಿಗಂತೂ ಲೆಕ್ಕವಿಲ್ಲ. ಹೀಗಿರುವಾಗ ‘ನಾನು ಬಾಡಿ ಅಂಡ್ ಸೋಲ್ ಕೇಳುತ್ತಿದ್ದೇನೆ’ ಎಂದರೆ ಎದುರಿನವರಿಗೆ ಏನು ತಿಳಿಯಿತು? ಏನೂ ಇಲ್ಲ. ಇಲ್ಲಿ ಹಾಡು ನೆಪ ಮಾತ್ರ. ಆ ದಿನ ಆ ಕೋಣೆಯಲ್ಲಿ ಯಾರು ಯಾರು ಇದ್ದರು, ಒಬ್ಬರ ಮಾತಿಗೆ ಇನ್ನೊಬ್ಬರು ಏನು ಉತ್ತರ ಕೊಟ್ಟರು ಅನ್ನುವುದೇ ಸಂಗೀತ.

ಇದಕ್ಕೆ ನನಗೆ ಮೊದಲು ನೆನಪಾಗುವುದು ಒಂದು ಭಾನುವಾರ. 1961ರ ಜೂನ್ 25. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬು. ಪಿಯಾನೊ ಬಿಲ್ ಇವಾನ್ಸ್, ಬಾಸ್ ಸ್ಕಾಟ್ ಲಫಾರೊ, ಡ್ರಮ್ಸ್ ಪಾಲ್ ಮೋಶಿಯನ್. ಮಧ್ಯಾಹ್ನ ಎರಡು, ಸಂಜೆ ಮೂರು, ಒಟ್ಟು ಐದು ಸುತ್ತು ನುಡಿಸಿದರು. ರೆಕಾರ್ಡಿಂಗ್ ಕೇಳಿದರೆ ಗ್ಲಾಸುಗಳ ಸದ್ದು, ಹರಟೆ, ನಡುವೆ ಯಾರದೋ ನಗು ಎಲ್ಲವೂ ಕಿವಿಗೆ ಬೀಳುತ್ತದೆ. ಪಾಪ, ಮುಂದೆ ಏನಾಗಲಿದೆ ಎಂದು ಅಲ್ಲಿ ಕೂತವರಿಗೇನು ಗೊತ್ತು!

ಬಾಸ್ ನುಡಿಸುವವರ ಕೆಲಸ ಸಾಮಾನ್ಯವಾಗಿ ಕೆಳಗಿನಿಂದ ಆಧಾರ ಕೊಡುವುದು. ಲಫಾರೊ ಹಾಗೆ ಸುಮ್ಮನೆ ಕೂರುವ ಆಸಾಮಿ ಅಲ್ಲ. ಪಿಯಾನೊ ಒಂದು ಮಾತು ಆಡಿದರೆ ಅದರ ಮೇಲೇ ಮಾತು ಸೇರಿಸುತ್ತಾರೆ, ಎದುರು ವಾದಿಸುತ್ತಾರೆ, ಕೆಲವೊಮ್ಮೆ ಮುಂದೆ ಓಡುತ್ತಾರೆ. ಆಗ ಅವರಿಗೆ 25 ವರ್ಷ. ಆ ಭಾನುವಾರ ಕಳೆದು ಹನ್ನೊಂದು ದಿನಕ್ಕೆ ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಇವಾನ್ಸ್ ಎಷ್ಟೋ ತಿಂಗಳು ಸರಿಯಾಗಿ ಪಿಯಾನೊ ಮುಟ್ಟಲಿಲ್ಲ. ಆ ದಿನದ ಟೇಪುಗಳಿಂದ ಮೊದಲು ಹೊರಬಂದ ‘ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್’ ಆಲ್ಬಂ ಲಫಾರೊ ರಚನೆಯಿಂದ ಶುರುವಾಗಿ ಲಫಾರೊ ರಚನೆಯಲ್ಲೇ ಮುಗಿಯುತ್ತದೆ. ಇದನ್ನು ತಿಳಿದು ಕೇಳಿ, ತಿಳಿಯದೆ ಕೇಳಿ, ಸ್ವರ ಬದಲಾಗುವುದಿಲ್ಲ ನಿಜ. ಆದರೆ ನಿಮ್ಮ ಕಿವಿ ಬಾಸಿನ ಕಡೆ ತಿರುಗುತ್ತದೆ. ಒಮ್ಮೆ ತಿರುಗಿತು ಅಂದರೆ ಅದೇ ಆಲ್ಬಂ ಬೇರೆ ಆಲ್ಬಂ ಆಗುತ್ತದೆ.

ಇನ್ನೂ ಸುಲಭದ ಪರೀಕ್ಷೆ ಬೇಕಾದರೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಹಾಕಿ. ನಿಮ್ಮ ಹತ್ತಿರ ಇದ್ದೇ ಇರುತ್ತದೆ, ಅಲ್ವಾ? 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡು ದಿನದಲ್ಲಿ ರೆಕಾರ್ಡ್ ಆದದ್ದು. ಪಿಯಾನೊದಲ್ಲಿ ಬಿಲ್ ಇವಾನ್ಸ್. ಆದರೆ ಎರಡನೇ ಹಾಡು ‘ಫ್ರೆಡ್ಡಿ ಫ್ರೀಲೋಡರ್’ನಲ್ಲಿ ಮಾತ್ರ ವಿಂಟನ್ ಕೆಲ್ಲಿ. ಇವಾನ್ಸ್ ಆಗಲೇ ತಂಡ ಬಿಟ್ಟಿದ್ದರು, ಈ ಆಲ್ಬಮ್ಮಿಗಾಗಿ ಮೈಲ್ಸ್ ವಾಪಸ್ ಕರೆಸಿಕೊಂಡಿದ್ದರು. ತಂಡದಲ್ಲಿ ಆಗ ಇದ್ದವರು ಕೆಲ್ಲಿ. ಮೊದಲ ಮೂರು ಹಾಡು ಒಂದೇ ಸಲ ಕೇಳಿ ನೋಡಿ. ಎರಡನೆಯದರಲ್ಲಿ ಪಿಯಾನೊ ಸೋಲೊ ಬರುತ್ತಿದ್ದಂತೆ ಯಾರೋ ಕಿಟಕಿ ತೆಗೆದ ಹಾಗಾಗುತ್ತದೆ. ಕೆಲ್ಲಿಯದು ಬ್ಲೂಸ್ ತುಂಬಿದ, ತುಸು ಕುಣಿಯುವ ಕೈ. ಇವಾನ್ಸ್ ಸ್ವರವನ್ನು ಇಟ್ಟು, ಅದು ಆರುವವರೆಗೆ ಕಾಯುತ್ತಾರೆ. ಹೆಸರು ಗೊತ್ತಿಲ್ಲದಿದ್ದಾಗ ನನಗೆ ಎರಡೂ ಬರೀ ಪಿಯಾನೊ ಆಗಿದ್ದವು.

ಇದೇ ಆಲ್ಬಮ್ಮಿನ ಇನ್ನೊಂದು ಕಥೆ. ಮಾರ್ಚ್ 2ರಂದು ಟೇಪ್ ಯಂತ್ರದ ವೇಗ ಸರಿ ಇರಲಿಲ್ಲ. ಹಾಗಾಗಿ ಎಲ್ಪಿಯ (ಹಳೆಯ ಗ್ರಾಮಫೋನ್ ತಟ್ಟೆಯ) ಮೊದಲ ಬದಿಯ ಮೂರೂ ಹಾಡು ಒಂಚೂರು ಜೋರಾಗಿ ಓಡಿ, ಶ್ರುತಿಯೂ ತುಸು ಏರಿಬಿಟ್ಟಿತ್ತು. ಸರಿಪಡಿಸಿದ್ದು 1992ರ ಮರುಮುದ್ರಣದಲ್ಲಿ. ಮೂವತ್ತಕ್ಕೂ ಜಾಸ್ತಿ ವರ್ಷ ಲೋಕವೆಲ್ಲ ತಪ್ಪು ಶ್ರುತಿಯಲ್ಲೇ ಅದನ್ನು ಮೆಚ್ಚಿಕೊಂಡಿತ್ತು! ಇನ್ನು ಮೇಲೆ ಯಾರಾದರೂ ‘ಯಾವ ಮುದ್ರಣ ಕೇಳುತ್ತಿದ್ದೀರಿ’ ಎಂದರೆ ಪೂರ್ತಿ ಹುಚ್ಚು ಎಂದುಕೊಳ್ಳಬೇಡಿ. ಕ್ಯಾಟಲಾಗ್ ನಂಬರನ್ನೂ ಬಾಯಿಪಾಠ ಒಪ್ಪಿಸುವವರಿದ್ದಾರೆ, ಅವರ ಮುಂದೆ ನನಗೂ ಆಕಳಿಕೆ ಬರುತ್ತದೆ.

ಇಸವಿ ಯಾಕೆ ಬೇಕು ಅಂದರೆ, ರಿಲೀಸ್ ಆದ ವರ್ಷ ಜಾಝ್‌ನಲ್ಲಿ ಆಗಾಗ ದಾರಿ ತಪ್ಪಿಸುತ್ತದೆ. ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಮತ್ತು ಕೋಲ್ಟ್ರೇನ್ 1957ರ ನವೆಂಬರಿನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಜೊತೆಯಾಗಿ ನುಡಿಸಿದ ಟೇಪು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿ, ಆಲ್ಬಂ ಆಗಿ ಬಂದದ್ದು 2005ರಲ್ಲಿ. ಆ ಆಲ್ಬಂ ನೋಡಿ ‘2005ರ ಕೋಲ್ಟ್ರೇನ್’ ಎನ್ನಲಾದೀತೇ? ಅವರು ತೀರಿಕೊಂಡದ್ದೇ 1967ರಲ್ಲಿ.

ಹೆಸರುಗಳಿಂದ ನಿಮಗೆ ಆಗುವ ನಿಜವಾದ ಲಾಭ ಬೇರೆಯೇ ಇದೆ. ಮುಂದೆ ಏನು ಕೇಳಬೇಕು ಅನ್ನುವುದನ್ನು ಅವೇ ಹೇಳುತ್ತವೆ. ‘ಕೈಂಡ್ ಆಫ್ ಬ್ಲೂ’ನ ಬಾಸ್ ಪಾಲ್ ಚೇಂಬರ್ಸ್. ಅವರ ಜಾಡು ಹಿಡಿದು ಹೊರಟರೆ 1957ರ ಕೋಲ್ಟ್ರೇನ್ ಆಲ್ಬಂ ‘ಬ್ಲೂ ಟ್ರೇನ್’ ಸಿಗುತ್ತದೆ. ಪಿಯಾನೊ ವಾದಕ ಸಾನಿ ಕ್ಲಾರ್ಕ್ ಅವರ ‘ಕೂಲ್ ಸ್ಟ್ರಟಿನ್’’ ಸಿಗುತ್ತದೆ. 1959ರ ‘ಜಯಂಟ್ ಸ್ಟೆಪ್ಸ್’ ಸಿಗುತ್ತದೆ. ಮೂರೂ ಒಂದಕ್ಕೊಂದು ಹೋಲುವುದಿಲ್ಲ, ಕೆಳಗೆ ನಡೆಯುವ ಹೆಜ್ಜೆ ಮಾತ್ರ ಒಬ್ಬರದೇ. ಚೇಂಬರ್ಸ್ ಬದುಕಿದ್ದು 33 ವರ್ಷ. ಅಷ್ಟರಲ್ಲೇ ಇಷ್ಟು ಕಡೆ ಹೆಜ್ಜೆ ಮೂಡಿಸಿ ಹೋದರು.

ಮುಖಪುಟವನ್ನಷ್ಟೇ ನಂಬಿದರೆ ಇದೆಲ್ಲ ಕೈತಪ್ಪುತ್ತದೆ. 1958ರ ‘ಸಮ್‌ಥಿಂಗ್ ಎಲ್ಸ್’ ಇರುವುದು ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಹೆಸರಿನಲ್ಲಿ. ಒಳಗೆ ಟ್ರಂಪೆಟ್ ಹಿಡಿದು ನಿಂತವರು ಮೈಲ್ಸ್. 1953ರಲ್ಲಿ ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ನಡೆದ ಕಛೇರಿಯ ರೆಕಾರ್ಡಿನಲ್ಲಿ ಸ್ಯಾಕ್ಸೊಫೋನ್ ‘ಚಾರ್ಲಿ ಚಾನ್’ ಎಂದಿದೆ. ಅದು ಜಾಝ್‌ನ ದಿಗ್ಗಜ ಚಾರ್ಲಿ ಪಾರ್ಕರ್! ಕರಾರಿನ ತೊಡಕಿಗೆ ಹೆಸರು ಮರೆಸಿದರು. ಸ್ವರ ಮರೆಸಲು ಆಗುತ್ತದೆಯೇ? ಫೋನಿನ ಆಪ್‌ಗಳಲ್ಲೂ ದೊಡ್ಡದಾಗಿ ಕಾಣುವುದು ಲೀಡರ್ ಹೆಸರು ಮಾತ್ರ. ಹಳೆಯ ಎಲ್ಪಿಯ ಹಿಂಬದಿ ಓದುವ ಸುಖ ಅಲ್ಲಿಲ್ಲ. ಸ್ವಲ್ಪ ಹುಡುಕಬೇಕು.

ಎಲ್ಲವನ್ನೂ ನೆನಪಿಟ್ಟುಕೊಳ್ಳಲು ಹೋಗಬೇಡಿ. ಪರೀಕ್ಷೆಗೆ ಓದಿದ ಹಾಗಾದರೆ ಕೇಳುವ ಖುಷಿಯೇ ಹೋಗುತ್ತದೆ. ಒಂದು ಆಲ್ಬಂ ಇಷ್ಟವಾದಾಗ, ಅದರಲ್ಲಿ ಲೀಡರ್ ಅಲ್ಲದ ಒಬ್ಬರ ಹೆಸರು ಹಿಡಿದುಕೊಳ್ಳಿ, ಅಷ್ಟು ಸಾಕು. ಹಳೆಯ ಆಲ್ಬಮ್ಮುಗಳೇ ಆಗಬೇಕೆಂದಿಲ್ಲ. 2021ರಲ್ಲಿ ಬಂದ ವಿಜಯ್ ಅಯ್ಯರ್ ಅವರ ‘ಅನೀಸಿ’ಯಲ್ಲಿ ಬಾಸ್ ಲಿಂಡಾ ಮೇ ಹಾನ್ ಓ, ಡ್ರಮ್ಸ್ ಟೈಶಾನ್ ಸೋರಿ. ಪಿಯಾನೊ ಬಿಟ್ಟು ಒಂದು ಸಲ ಬರೀ ಡ್ರಮ್ಸಿಗೆ ಕಿವಿಕೊಡಿ. ಸೋರಿ ಸ್ವತಃ ಸಂಗೀತ ರಚಿಸುವವರು, ಅದು ಅವರ ಕೈಯಲ್ಲಿ ಗೊತ್ತಾಗುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳದೆ ಇರಲಾರೆ. ಇದನ್ನು ಬರೆಯುತ್ತಾ ನಾನು ಕೇಳುತ್ತಿರುವುದು ‘ಸ್ಯಾಕ್ಸೊಫೋನ್ ಕೊಲೊಸಸ್’. 1956ರ ಜೂನ್ 22, ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ತಮ್ಮ ಅಪ್ಪ ಅಮ್ಮನ ಮನೆಯ ಹಜಾರದಲ್ಲಿ ನಡೆಸುತ್ತಿದ್ದ ಸ್ಟುಡಿಯೊ. ಟೆನರ್ ಸಾನಿ ರಾಲಿನ್ಸ್, ಪಿಯಾನೊ ಟಾಮಿ ಫ್ಲಾನಗನ್, ಡ್ರಮ್ಸ್ ಮ್ಯಾಕ್ಸ್ ರೋಚ್. ಈಗ ಕೊನೆಯ ಹಾಡು ‘ಬ್ಲೂ ಸೆವೆನ್’ ಶುರುವಾಗಿದೆ. ಉಳಿದವರು ಇನ್ನೂ ಬಂದಿಲ್ಲ, ಬಾಸ್ ಮುಂದೆ ನಡೆಯುತ್ತಿದೆ. ಡಗ್ ವಾಟ್ಕಿನ್ಸ್.